ಎಲೆ ಕೈಕೊಟ್ಟಾಗ

ಮದ್ದೂರಿನ ಬಳಿ ಶಿಂಷಾ ನದಿಯ ದಡದಲ್ಲಿರುವ ವೈದ್ಯನಾಥಪುರ, ವೈದ್ಯನಾಥೇಶ್ವರನ ದೇವಾಲಯದಿಂದ ಹೆಸರಾದ ಊರು. ಈ ಊರನ್ನೊಳಗೊಂಡ ಮಂಡ್ಯ ಸೀಮೆಯಲ್ಲಿ ಯುಗಾದಿ, ಹೊಸತೊಡಕು ಬಂತೆಂದರೆ ಇಸ್ಪೀಟು ಎಲೆಗಳೂ ಹೊರಬರುತ್ತವೆ. ಅಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಅಂದರ್-ಬಾಹರ್. ಆ ಆಟದಲ್ಲಿ ಆಡುವವನ ಬುದ್ಧಿಗೆ ಕೆಲಸವೇ ಇಲ್ಲ. ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಅವಕಾಶ ಶೇ 51.5, ಇನ್ನೊಂದು ಕಡೆಗೆ ಶೇ 48.5, ಅಷ್ಟೇ. ಸೋತವನು ಹಣೆಬರಹವನ್ನು ಹಳಿದರೆ ಅದು ಸುಳ್ಳೇನೂ ಅಲ್ಲ.

ಆದರೆ ಬುದ್ಧಿಗೂ ಕೆಲಸವಿರುವ ಆಟದಲ್ಲಿ, ಮಾಡಬೇಕಾದ್ದನ್ನೆಲ್ಲ ಸರಿಯಾಗಿ ಮಾಡಿಯೂ ಸೋತರೆ ಏನೆನ್ನಬೇಕು? ಇದಕ್ಕೆ ಪೋಕರ್ ಆಟದಲ್ಲೊಂದು ಒಳ್ಳೆಯ ನಿದರ್ಶನವಿದೆ.

2014ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಒಂದು ಪಂದ್ಯಾವಳಿ ನಡೆಯಿತು. ಪ್ರವೇಶ ಶುಲ್ಕವೇ 10 ಲಕ್ಷ ಡಾಲರು, ಆಗಿನ ಲೆಕ್ಕದಲ್ಲಿ ಸುಮಾರು 6 ಕೋಟಿ ರೂಪಾಯಿ. ಆಡಿದವರು 42 ಮಂದಿ. ಪೋಕರ್‌ನ ಈ ಬಗೆಯಲ್ಲಿ ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ ಸಿಗುತ್ತವೆ. ನಡುವೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಈ ಏಳರಲ್ಲಿ ಅತ್ಯುತ್ತಮವಾದ ಐದನ್ನು ಜೋಡಿಸಿದವನು ಗೆದ್ದ ಹಾಗೆ. ಮೊದಲ ಎರಡೂ ಎಕ್ಕಗಳಾದರೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ. ಅದು ಬರುವುದು 221 ಸಲಕ್ಕೊಮ್ಮೆ.

ಅಂದು ಕಾನರ್ ಡ್ರಿನನ್ ಎಂಬ ಆಟಗಾರನಿಗೆ ಎಕ್ಕದ ಜೋಡಿ ಬಂತು. ಎದುರಾಳಿ ಕೇರಿ ಕಾಟ್ಸ್‌ಗೂ ಎಕ್ಕದ ಜೋಡಿಯೇ! ಇಬ್ಬರೂ ತಮ್ಮ ಬಿಲ್ಲೆಗಳನ್ನು ಪಣಕ್ಕೆ ದೂಡಿದರು. ಇಬ್ಬರದೂ ಸರಿಯಾದ ನಿರ್ಧಾರವೇ. ಇಂಥ ಸಂದರ್ಭದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಸಲ ಆಟ ಸಮಸಮವಾಗಿ ಮುಗಿದು ಹಣ ಹಂಚಿಹೋಗುತ್ತದೆ. ಆದರೆ ನಡುವಿನ ಐದು ಎಲೆಗಳಲ್ಲಿ ನಾಲ್ಕು ಆಟೀನು ಜಾತಿಯವೇ ಬಿದ್ದವು. ಆಟೀನು ಎಕ್ಕ ಕಾಟ್ಸ್ ಕೈಯಲ್ಲಿತ್ತು. ಒಂದೇ ಜಾತಿಯ ಐದು ಎಲೆ ಕೂಡಿ ಅವನು ಗೆದ್ದ. ಡ್ರಿನನ್ ಪಂದ್ಯಾವಳಿಯಿಂದಲೇ ಹೊರಬಿದ್ದ. ಹೀಗೆ ಸೋಲುವ ಸಂಭವ ಶೇ 2.17, ಅಂದರೆ ಸುಮಾರು 46 ಸಲಕ್ಕೊಮ್ಮೆ.

ಗಣಿತ ಓದುವ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಉಳಿದ 48 ಎಲೆಗಳಿಂದ ಐದನ್ನು ಆರಿಸುವ ಬಗೆಗಳು 17,12,304. ಪಿಯುಸಿಯ ಸಂಯೋಜನೆಯ ಸೂತ್ರವೇ ಸಾಕು.

ಈಗ ಹೇಳಿ, ಡ್ರಿನನ್ ಮಾಡಿದ ತಪ್ಪೇನು? ಏನೂ ಇಲ್ಲ. ಕಾಟ್ಸ್ ತೋರಿದ ಜಾಣತನವೇನು? ಅದೂ ಇಲ್ಲ. ಆದರೂ ಫಲಿತಾಂಶವನ್ನಷ್ಟೇ ನೋಡುವವರು ಒಬ್ಬನನ್ನು ಜಾಣನೆಂದೂ ಇನ್ನೊಬ್ಬನನ್ನು ದಡ್ಡನೆಂದೂ ಕರೆದಾರು.

ನಮ್ಮ ಮನೆಗಳಲ್ಲಿ ಫಲಿತಾಂಶದ ದಿನ ನಡೆಯುವುದೂ ಬಹುಮಟ್ಟಿಗೆ ಇದೇ. ವರ್ಷವಿಡೀ ಓದಿದ ಹುಡುಗಿಗೆ ಪರೀಕ್ಷೆಯ ದಿನ ಜ್ವರ ಬಂದು ಅಂಕ ಕಡಿಮೆಯಾದರೆ, ಓದಿದ್ದೇ ದಂಡ ಎನ್ನುತ್ತೇವೆ. ಐದೇ ಪಾಠ ಓದಿಕೊಂಡು ಹೋದ ಹುಡುಗನಿಗೆ ಆ ಐದೇ ಬಂದರೆ ಬೆನ್ನು ತಟ್ಟುತ್ತೇವೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದನ್ನು ಅವನು ತನ್ನ ಸಾಮರ್ಥ್ಯವೆಂದು ನಂಬುತ್ತಾನೆ. ಮುಂದಿನ ವರ್ಷ ಮೂರೇ ಪಾಠ ಓದುತ್ತಾನೆ. ಹುಡುಗಿ ತನ್ನ ಒಳ್ಳೆಯ ಅಭ್ಯಾಸವನ್ನೇ ಕೈಬಿಡುತ್ತಾಳೆ. ಇಬ್ಬರಿಗೂ ನಾವೇ ತಪ್ಪು ಪಾಠ ಕಲಿಸಿದಂತಾಯಿತು.

ಹಾಗಾದರೆ ಕಡಿಮೆ ಅಂಕ ಬಂದವರೆಲ್ಲ ಅದೃಷ್ಟದ ಮೇಲೆ ಹೊರೆ ಹಾಕಬಹುದೇ? ಇಲ್ಲ. ಒಂದು ಪ್ರಶ್ನೆಯಿಂದ ನಿಜ ತಿಳಿಯುತ್ತದೆ: ‘ಇದೇ ತಯಾರಿಯಲ್ಲಿ ಹತ್ತು ಸಲ ಪರೀಕ್ಷೆ ಬರೆದರೆ ಎಷ್ಟು ಸಲ ಚೆನ್ನಾಗಿ ಆಗುತ್ತದೆ?’ ಎಂಟು ಒಂಬತ್ತು ಎಂದಾದರೆ ದಾರಿ ಬದಲಿಸಬೇಕಿಲ್ಲ. ಎರಡೋ ಮೂರೋ ಎಂದಾದರೆ ಕೊರತೆ ಇರುವುದು ತಯಾರಿಯಲ್ಲಿ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. 46ರಲ್ಲಿ 45 ಸಲ ಸೋಲಿಲ್ಲವೆಂಬ ಲೆಕ್ಕದಿಂದ ಪ್ರಯೋಜನವಾಗುವುದು ಮತ್ತೆ ಆಡಬಲ್ಲವನಿಗೆ ಮಾತ್ರ. ಮನೆ ಮಠ ಪಣಕ್ಕಿಟ್ಟವನಿಗೆ ಆ ಒಂದು ಸಲವೇ ಕೊನೆ. ಸೋತವನು ಕಳೆದದ್ದನ್ನು ಅಲ್ಲೇ ಗಳಿಸುತ್ತೇನೆಂದು ಸಿಟ್ಟಿನಿಂದ ಮತ್ತೆ ಕೂರುವುದು ಇನ್ನೂ ಅಪಾಯ. ಈ ಸಲ ಬರಲೇಬೇಕು ಎಂದು ಅವನು ನಂಬುತ್ತಾನೆ. ಎಲೆಗಳಿಗೆ ಹಿಂದಿನ ಆಟದ ನೆನಪಿರುವುದಿಲ್ಲ. ಮೊಬೈಲಿನಲ್ಲೂ ಈ ಸುಳಿ ಹರಡಿದ್ದರಿಂದಲೇ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು.

ಪರೀಕ್ಷೆ ಜೂಜಲ್ಲ. ಅದನ್ನು ಮತ್ತೆ ಬರೆಯಬಹುದು. 2024ರಲ್ಲಿ ಕರ್ನಾಟಕ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ತಂದದ್ದರಿಂದ ಒಂದು ಕೆಟ್ಟ ದಿನಕ್ಕೆ ಇಡೀ ವರ್ಷ ಬಲಿಯಾಗಬೇಕಿಲ್ಲ.

ಮಹಾಭಾರತದ ನಳ ಪಗಡೆಯಾಟದಲ್ಲಿ ರಾಜ್ಯ ಕಳೆದುಕೊಂಡವನು. ಅವನು ಸೋತ ಮರುದಿನವೇ ಮತ್ತೆ ಆಡಲು ಕೂರಲಿಲ್ಲ. ಋತುಪರ್ಣ ತಾರೆ ಮರದ ಎಲೆ, ಕಾಯಿಗಳನ್ನು ನಿಂತಲ್ಲೇ ಲೆಕ್ಕ ಹೇಳಿದ್ದನ್ನು ಕಂಡು ಬೆರಗಾಗಿ, ಆ ವಿದ್ಯೆಯನ್ನು ಅವನಿಂದ ಕಲಿತ. ಬದಲಿಗೆ ತನ್ನ ಅಶ್ವವಿದ್ಯೆಯನ್ನು ಕೊಟ್ಟ. ಸೋಲಿಗೂ ಮರುಪ್ರಯತ್ನಕ್ಕೂ ನಡುವೆ ಅವನು ಲೆಕ್ಕ ಕಲಿತಿದ್ದ.

ತಂದೆತಾಯಿಗಳೇ, ಫಲಿತಾಂಶದ ದಿನ ‘ಎಷ್ಟು ಬಂತು?’ ಎಂದು ಕೇಳುವುದು ತಪ್ಪಲ್ಲ. ಅದರ ಜೊತೆಗೆ ‘ಹೇಗೆ ಓದಿದ್ದೆ?’ ಎಂದೂ ಕೇಳಿ. ಉತ್ತರವನ್ನು ಸಮಾಧಾನದಿಂದ ಕೇಳಿಸಿಕೊಳ್ಳಿ. ಮುಂದಿನ ಪರೀಕ್ಷೆಗೆ ಉಪಯೋಗಕ್ಕೆ ಬರುವುದು ಆ ಉತ್ತರವೇ.