ಹದಿಮೂರು ವರ್ಷದ ಕುಲಪತಿ, ಎರಡು ವರ್ಷದ ವಿಶ್ವವಿದ್ಯಾಲಯ

ಹಾವೇರಿ ವಿಶ್ವವಿದ್ಯಾಲಯ ಆರಂಭವಾದದ್ದು 2023ರಲ್ಲಿ. ಅದನ್ನೂ ಒಳಗೊಂಡು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವುದೇ ಲೇಸು ಎಂಬ ನಿಲುವಿಗೆ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಬಂದದ್ದು 2025ರ ಫೆಬ್ರವರಿಯಲ್ಲಿ. ನಡುವಿನ ಅಂತರ ಸುಮಾರು ಎರಡು ವರ್ಷ. ಒಬ್ಬ ವಿದ್ಯಾರ್ಥಿ ಬಿ.ಎ. ಮುಗಿಸಲೂ ಸಾಲದ ಈ ಅವಧಿಯಲ್ಲಿ ಒಂದು ವಿಶ್ವವಿದ್ಯಾಲಯ ತನ್ನ ಅರ್ಹತೆಯನ್ನು ಸಾಬೀತುಪಡಿಸಬೇಕಿತ್ತು!

ಈ ಸುದ್ದಿಯನ್ನು ಓದಿದಾಗ ನನಗೆ ನೆನಪಾದದ್ದು 1967ರಲ್ಲಿ ಧಾರವಾಡದಿಂದ ನಡೆದ ಒಂದು ನಿರ್ಗಮನ. ಆ ವರ್ಷದ ಅಕ್ಟೋಬರ್‌ನಲ್ಲಿ ಡಿ.ಸಿ. ಪಾವಟೆಯವರು ಪಂಜಾಬಿನ ರಾಜ್ಯಪಾಲರಾದರು. ಅದಕ್ಕೂ ಮುನ್ನ, 1954ರಿಂದ ಹದಿಮೂರು ವರ್ಷಗಳ ಕಾಲ, ಅವರು ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಅಖಂಡ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿನ ಹಳ್ಳಿಗಳಿಂದ ಪದವಿ ಪಡೆದ ಮೊದಲ ತಲೆಮಾರಿನ ಬಹುಪಾಲು ಮಂದಿ ಅದೇ ವಿಶ್ವವಿದ್ಯಾಲಯದ ಪದವೀಧರರು. ನಾನು ಪಾಠ ಕೇಳಿದ್ದು ರಾಣೆಬೆನ್ನೂರಿನಲ್ಲಿ, ಪದವಿ ಪತ್ರ ಬಂದದ್ದು ಧಾರವಾಡದಿಂದ. ಪಾವಟೆಯವರನ್ನು ನಾನು ಕಂಡವನಲ್ಲ. ಆದರೆ ಅವರು ಕಟ್ಟಿದ್ದನ್ನು ಉಂಡವನು.

ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಪಾವಟೆ, ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು. ಮುಂಬೈ ಸರ್ಕಾರದ ಶಿಕ್ಷಣ ನಿರ್ದೇಶಕರಾಗಿ ಕಡತಗಳ ಒಳಹೊರಗನ್ನು ಬಲ್ಲವರು. ಅವರು ಅಧಿಕಾರ ವಹಿಸಿಕೊಂಡಾಗ ವಿಶ್ವವಿದ್ಯಾಲಯಕ್ಕೆ ಐದು ವರ್ಷ. 1949ರಲ್ಲಿ ಅದು ಹುಟ್ಟಿದ್ದು ಮುಂಬೈಯಲ್ಲಿ, ಧಾರವಾಡಕ್ಕೆ ಬಂದದ್ದು ಮರುವರ್ಷ. 1951ರಲ್ಲಿ ಯಾವುದಾದರೂ ಉಪಸಮಿತಿ ಬಂದು ಜಮೀನೆಷ್ಟು, ಕಟ್ಟಡವೆಷ್ಟು, ಆದಾಯವೆಷ್ಟು ಎಂದು ಲೆಕ್ಕ ಕೇಳಿದ್ದರೆ ಆ ಕೂಸಿನ ಗತಿ ಏನಾಗುತ್ತಿತ್ತೋ! ಛೋಟಾ ಮಹಾಬಳೇಶ್ವರ ಎಂದು ಕರೆಯುತ್ತಿದ್ದ ಗುಡ್ಡದ ಮೇಲೆ ಇಂದು ಕಾಣುವ ಆವರಣ ರೂಪುಗೊಂಡದ್ದು ಪಾವಟೆಯವರ ಕಾಲದಲ್ಲಿ. ಆ ಆವರಣಕ್ಕೆ ಪಾವಟೆ ನಗರ ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಕಟ್ಟಡಗಳಲ್ಲ, ಕಾಲ. ಪಾವಟೆ ಕುಲಪತಿಯಾದಾಗ ಧಾರವಾಡ ಮುಂಬೈ ರಾಜ್ಯದಲ್ಲಿತ್ತು. ಮೊರಾರ್ಜಿ ದೇಸಾಯಿ ಮುಖ್ಯಮಂತ್ರಿ. ಎರಡು ವರ್ಷ ಕಳೆಯುವುದರೊಳಗೆ ಏಕೀಕರಣವಾಗಿ ರಾಜ್ಯವೇ ಬದಲಾಯಿತು. ಅಲ್ಲಿಂದ ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ಮತ್ತೆ ನಿಜಲಿಂಗಪ್ಪ. ಮುಖ್ಯಮಂತ್ರಿಗಳು ಬದಲಾದರು, ಕುಲಪತಿ ಬದಲಾಗಲಿಲ್ಲ. ನಿಜಾಮರ ಸೀಮೆಯಿಂದ ಬಂದ ಜಿಲ್ಲೆಗಳ ಕಾಲೇಜುಗಳೂ ಉಸ್ಮಾನಿಯಾದ ತೆಕ್ಕೆಯಿಂದ ಧಾರವಾಡದ ತೆಕ್ಕೆಗೆ ಬಂದವು. ಬೇರೆ ಬೇರೆ ಪರೀಕ್ಷಾ ಪದ್ಧತಿಗಳಲ್ಲಿ ಬೆಳೆದ ಕಾಲೇಜುಗಳನ್ನು ಒಂದು ನೊಗಕ್ಕೆ ಹೂಡುವುದು ಒಂದು ಅವಧಿಯಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ.

ಇಂದಿನ ಕಾಯ್ದೆ ಅಂದು ಜಾರಿಯಲ್ಲಿದ್ದಿದ್ದರೆ? 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ ಕುಲಪತಿಯ ಅವಧಿ ನಾಲ್ಕು ವರ್ಷ. ಅಂದರೆ ಪಾವಟೆ 1958ರಲ್ಲಿ, ಏಕೀಕರಣದ ಗೊಂದಲ ಇನ್ನೂ ತಿಳಿಯಾಗುವ ಮುನ್ನವೇ, ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಈ ನಾಲ್ಕು ವರ್ಷಗಳ ಒಳಗುಟ್ಟು ವಿಶ್ವವಿದ್ಯಾಲಯಗಳ ಒಡನಾಟವಿರುವ ಎಲ್ಲರಿಗೂ ಗೊತ್ತು. ಮೊದಲ ವರ್ಷ ಕಡತ ಪರಿಚಯಕ್ಕೆ, ಕೊನೆಯ ವರ್ಷ ಮುಂದಿನವರು ಯಾರೆಂಬ ಪಿಸುಮಾತಿಗೆ. ಉಳಿಯುವುದು ಎರಡು. ಶೋಧನಾ ಸಮಿತಿ, ಸರ್ಕಾರ ಮತ್ತು ರಾಜಭವನದ ನಡುವೆ ಹೆಸರು ಓಡಾಡುತ್ತಿರುವಾಗ ಹಿರಿಯ ಡೀನರೊಬ್ಬರು ಪ್ರಭಾರ ಕುಲಪತಿ. ಪ್ರಭಾರಿಗಳು ದಿನದ ಕಡತಕ್ಕೆ ಸಹಿ ಹಾಕಬಲ್ಲರು. ಹೊಸ ವಿಭಾಗವೊಂದನ್ನು ತೆರೆಯುವ ಎದೆಗಾರಿಕೆಯನ್ನು ಅವರಿಂದ ನಿರೀಕ್ಷಿಸುವುದು ಅನ್ಯಾಯ.

ಕುಲಪತಿ ಎಂಬ ಪದಕ್ಕೆ ನಮ್ಮ ಹಳೆಯ ಅರ್ಥ ದೊಡ್ಡದು: ಹತ್ತು ಸಾವಿರ ಶಿಷ್ಯರಿಗೆ ಅನ್ನವಿಟ್ಟು ವಿದ್ಯೆ ಕೊಡುವವನು. ಇಂದಿನ ಕುಲಪತಿ ಅತಿಥಿ ಉಪನ್ಯಾಸಕರ ಗೌರವಧನಕ್ಕೆ ಹಣ ಹೊಂದಿಸಿದರೆ ಅದೇ ಪುಣ್ಯ.

ಹಾಗೆಂದು ದೀರ್ಘಾವಧಿಯೇ ಮದ್ದು ಎಂದು ನಾನು ವಾದಿಸಲಾರೆ. ಮದರಾಸು ವಿಶ್ವವಿದ್ಯಾಲಯದಲ್ಲಿ ಲಕ್ಷ್ಮಣಸ್ವಾಮಿ ಮೊದಲಿಯಾರ್ 1942ರಿಂದ 1969ರವರೆಗೆ, ಇಪ್ಪತ್ತೇಳು ವರ್ಷ, ಕುಲಪತಿಯಾಗಿದ್ದರು. ಅಮೆರಿಕದ ಹಾರ್ವರ್ಡ್‌ನಲ್ಲಿ ಚಾರ್ಲ್ಸ್ ಎಲಿಯಟ್ 1869ರಿಂದ 1909ರವರೆಗೆ, ನಲವತ್ತು ವರ್ಷ, ಅಧ್ಯಕ್ಷರಾಗಿದ್ದರು. ಅಷ್ಟು ಕಾಲ ಒಬ್ಬರೇ ಕುಳಿತರೆ ನೇಮಕಾತಿಯಿಂದ ಹಿಡಿದು ಪಠ್ಯದವರೆಗೆ ಎಲ್ಲವೂ ಒಬ್ಬರ ಅಭಿರುಚಿಗೆ ಒಗ್ಗಿಹೋಗುವ, ಎದುರಾಡುವ ಪ್ರಾಧ್ಯಾಪಕ ಮೂಲೆಗುಂಪಾಗುವ ಅಪಾಯ ಸಣ್ಣದಲ್ಲ. ಆದ್ದರಿಂದ ದೀರ್ಘಕಾಲದ ಮುಖ್ಯಸ್ಥರನ್ನು ಅಳೆಯಬೇಕಾದದ್ದು ಅವರು ಇದ್ದಷ್ಟು ದಿನಗಳಿಂದಲ್ಲ, ಹೊರಟ ಮೇಲಿನ ದಿನಗಳಿಂದ. ಪಾವಟೆ ಚಂಡೀಗಢಕ್ಕೆ ಹೋದ ಮೇಲೂ ಧಾರವಾಡದ ವಿಶ್ವವಿದ್ಯಾಲಯ ನಿಂತಿತು. ಅದರ ಮಡಿಲಿನಿಂದ 1980ರಲ್ಲಿ ಗುಲಬರ್ಗಾ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ, 2023ರಲ್ಲಿ ಹಾವೇರಿ ಬೇರೆಯಾದವು. ಅತ್ತ ಪಂಜಾಬಿನಲ್ಲಿ 1969ರಲ್ಲಿ ಅಮೃತಸರದ ಗುರುನಾನಕ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ರಾಜ್ಯಪಾಲರ ಕುರ್ಚಿಯಲ್ಲಿದ್ದವರು ಇದೇ ಪಾವಟೆ. ಕುಲಪತಿಯಾಗಿದ್ದವರು ಕುಲಾಧಿಪತಿಯ ಸ್ಥಾನದಲ್ಲಿ ನಿಂತು ಇನ್ನೊಂದು ವಿಶ್ವವಿದ್ಯಾಲಯದ ಹುಟ್ಟನ್ನು ಕಂಡರು.

ಇನ್ನು ಉಪಸಮಿತಿಯ ವಾದ. ಅದನ್ನು ತಳ್ಳಿಹಾಕುವಂತಿಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಸ್ವಂತ ಆದಾಯದ ದೊಡ್ಡ ಮೂಲ ಕಾಲೇಜುಗಳ ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ. ಒಂದು ಜಿಲ್ಲೆ ಬೇರೆಯಾದರೆ ಹಳೆಯ ವಿಶ್ವವಿದ್ಯಾಲಯದ ಶುಲ್ಕ ಕಡಿಮೆಯಾಗುತ್ತದೆ, ಪಿಂಚಣಿಯ ಹೊರೆ ಮಾತ್ರ ಅಲ್ಲೇ ಉಳಿಯುತ್ತದೆ. ಹೊಸದಕ್ಕೆ ಶುಲ್ಕ ಸಿಗುತ್ತದೆ, ಕಾಯಂ ಅಧ್ಯಾಪಕರು ಸಿಗುವುದಿಲ್ಲ. ಅಣ್ಣನೂ ಬಡವ, ತಮ್ಮನೂ ಬಡವ. ಇದ್ದ ಸ್ನಾತಕೋತ್ತರ ಕೇಂದ್ರಕ್ಕೆ ಹೊಸ ಫಲಕ ಹಾಕಿದರೆ ವಿಶ್ವವಿದ್ಯಾಲಯವಾಗುತ್ತದೆಂದು ಒಂದು ಸರ್ಕಾರ ನಂಬಿತು. ಫಲಕ ಇಳಿಸಿದರೆ ಸಮಸ್ಯೆ ಮುಗಿಯುತ್ತದೆಂದು ಇನ್ನೊಂದು ಸರ್ಕಾರ ನಂಬಿದಂತಿದೆ. ಎರಡೂ ನಂಬಿಕೆಗಳ ಬೇರು ಒಂದೇ.

ಅಧಿಕಾರ ಯಾರ ಕೈಯಲ್ಲಿರಬೇಕೆಂಬ ಜಗಳವಂತೂ ಜೋರಾಗಿಯೇ ನಡೆದಿದೆ. ಪಕ್ಕದ ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿಯಾಗಬೇಕೆಂಬ ಮಸೂದೆ 2024ರ ಡಿಸೆಂಬರ್‌ನಲ್ಲಿ ವಿಧಾನಮಂಡಲದ ಮುಂದೆ ಬಂತು. ಮರುತಿಂಗಳೇ ಯುಜಿಸಿ ಹೊರಡಿಸಿದ ಕರಡು ನಿಯಮಗಳು ಕುಲಪತಿಗೆ ಐದು ವರ್ಷದ ಅವಧಿ, ಎಪ್ಪತ್ತರ ವಯೋಮಿತಿ ಹಾಗೂ ಎರಡನೆಯ ಅವಕಾಶವನ್ನು ಸೂಚಿಸಿದವು. ಜೊತೆಗೆ ಶೋಧನಾ ಸಮಿತಿಯ ರಚನೆಯನ್ನು ಕುಲಾಧಿಪತಿಯ ಕೈಗಿತ್ತವು. ರಾಜ್ಯ ಸರ್ಕಾರ ಇದನ್ನು ವಿರೋಧಿಸಿತು. ನೇಮಕದ ಅಧಿಕಾರ ಪೂರ್ತಿಯಾಗಿ ರಾಜಭವನಕ್ಕೆ ಹೋಗುವುದು ನನಗೂ ಒಪ್ಪಿಗೆಯಿಲ್ಲ. ಆದರೆ ಎರಡನೆಯ ಅವಧಿಯ ಸೂಚನೆಯನ್ನು ಈ ಜಗಳದಲ್ಲಿ ಕಸದ ಜೊತೆ ಎಸೆಯಬಾರದಿತ್ತು. ಕೆಲಸ ಮಾಡಿದವರಿಗೆ, ಹೊರಗಿನವರ ನಿಷ್ಠುರ ಮೌಲ್ಯಮಾಪನದ ನಂತರ, ಇನ್ನೊಂದು ಅವಧಿ ಕೊಡುವುದರಿಂದ ಆಕಾಶ ಕಳಚಿ ಬೀಳುವುದಿಲ್ಲ.

ಹಾವೇರಿ ಸಣ್ಣ ಜಿಲ್ಲೆ; 1997ರಲ್ಲಿ ಧಾರವಾಡದಿಂದ ಬೇರೆಯಾದದ್ದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವೂ ಇಲ್ಲೇ ಇದೆ. ಇಷ್ಟು ಸಾಲದೇ ಎಂದು ಬೆಂಗಳೂರಿನವರು ಕೇಳಬಹುದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಕೂಲಿಯವರ ಮನೆಯ ಹುಡುಗಿಗೆ ಹಾವೇರಿ ಹತ್ತಿರದ ಊರು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರಬಹುದು. ಧಾರವಾಡವೆಂದರೆ ಹಾಸ್ಟೆಲ್, ಹಾಸ್ಟೆಲ್ ಎಂದರೆ ಖರ್ಚು, ಅದಕ್ಕಿಂತ ಹೆಚ್ಚಾಗಿ ಮನೆಯವರ ಅಂಜಿಕೆ. ಎಂ.ಎ., ಎಂ.ಕಾಂ. ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ.

ವಿಲೀನವೇ ಅನಿವಾರ್ಯವಾದರೆ ಆಗಲಿ. ಹೆಸರು ಯಾವುದಾದರೂ ಇರಲಿ, ಕೆರಿಮತ್ತಿಹಳ್ಳಿಯ ಆವರಣದಲ್ಲಿ ಸ್ನಾತಕೋತ್ತರ ತರಗತಿಗಳು ಉಳಿಯಬೇಕು, ಕಾಯಂ ಅಧ್ಯಾಪಕರು ಬರಬೇಕು, ಅದರ ಹೊಣೆ ಹೊತ್ತವರಿಗೆ ಕನಿಷ್ಠ ಎಂಟು ವರ್ಷಗಳ ನೋಟ ಹಾಯಿಸುವ ಅವಕಾಶವಿರಬೇಕು. ಮೊದಲ ತಂಡಗಳಲ್ಲಿ ಸೇರಿದ ಮಕ್ಕಳ ಪದವಿ ಪತ್ರ ನಾಳೆ ಉದ್ಯೋಗದ ಸಂದರ್ಶನದಲ್ಲಿ ಪ್ರಶ್ನೆಗೆ ಒಳಗಾಗದಂತೆ ಸರ್ಕಾರ ಲಿಖಿತ ಭರವಸೆ ಕೊಡಬೇಕು. ಜಿಲ್ಲೆಯ ಶಾಸಕರು ಸದನದಲ್ಲಿ ಮೊದಲು ಕೇಳಬೇಕಾದದ್ದು ಇದನ್ನು.