ತೊಡಕೇ ಸತ್ಯವಲ್ಲ

ಮೇಜಿನ ಮೇಲೆ ಆಡುವ ಯುದ್ಧದಾಟಗಳ ರಸಿಕರಲ್ಲಿ ಬಹುಕಾಲದಿಂದ ಬೇರೂರಿದ ನಂಬಿಕೆಯೊಂದಿದೆ: ನಿಯಮಪುಸ್ತಕ ದಪ್ಪವಾದಷ್ಟೂ ಆಟ ಯುದ್ಧಕ್ಕೆ ಹತ್ತಿರವಾಗುತ್ತದೆ. ಸರಳವಾದದ್ದು ಎಳೆಯರಿಗೆ, ತೊಡಕಿನದು ಬಲ್ಲವರಿಗೆ ಎಂಬ ಈ ಶ್ರೇಣೀಕರಣವನ್ನು ಒಪ್ಪಲಾಗದು. ತೊಡಕು ಒಂದು ಸಾಧನ ಮಾತ್ರ. ಅದನ್ನೇ ಸತ್ಯದ ಪ್ರಮಾಣಪತ್ರವೆಂದು ಮುಂದೊಡ್ಡುವುದು ಬೌದ್ಧಿಕ ಸೋಮಾರಿತನ.

ಈ ನಂಬಿಕೆಯ ಪರಾಕಾಷ್ಠೆಯೆಂದರೆ 1979ರಲ್ಲಿ ಅಮೆರಿಕದ ಎಸ್‌ಪಿಐ ಸಂಸ್ಥೆ ಹೊರತಂದ ‘ದಿ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ’. ರಿಚರ್ಡ್ ಬರ್ಗ್ ರೂಪಿಸಿದ ಈ ಆಟಕ್ಕೆ ಹತ್ತು ಮಂದಿ ಬೇಕು. ಪೂರ್ತಿ ಮುಗಿಸಲು ಸುಮಾರು 1,500 ಗಂಟೆ ಹಿಡಿಯುತ್ತದೆಂಬುದೇ ಅದರ ಖ್ಯಾತಿ. ಒಂದೊಂದು ವಿಮಾನಕ್ಕೂ ಲೆಕ್ಕ, ಆವಿಯಾಗಿ ಹೋಗುವ ಇಂಧನಕ್ಕೂ ಲೆಕ್ಕ. ಇಟಲಿಯ ಸೈನಿಕರು ಪಾಸ್ತಾ ಬೇಯಿಸಿಕೊಳ್ಳಲು ಹೆಚ್ಚುವರಿ ನೀರು ಒದಗಿಸಬೇಕೆಂಬ ನಿಯಮವಂತೂ ದಂತಕಥೆಯೇ ಆಗಿದೆ. ವಿಚಿತ್ರವೆಂದರೆ, ಆ ನಿಯಮ ಚರಿತ್ರೆಗೆ ನಿಷ್ಠವಾದದ್ದಲ್ಲವೆಂದು ಮುಂದೆ ಬರ್ಗ್ ಅವರೇ ಹೇಳಿದರು. ವಿವರ ಅಷ್ಟು ಸೂಕ್ಷ್ಮವಾಗಿದ್ದುದರಿಂದಲೇ ನಂಬಲು ಯೋಗ್ಯವೆನಿಸಿತು. ಸೂಕ್ಷ್ಮತೆ ಬೇರೆ, ಸತ್ಯ ಬೇರೆ.

ಮರುಭೂಮಿಯ ಆ ಯುದ್ಧ ಸರಬರಾಜಿನ ಯುದ್ಧವೇ ಆಗಿತ್ತಲ್ಲ, ಲೆಕ್ಕವಿಲ್ಲದೆ ಅದನ್ನು ತೋರಿಸುವುದೆಂತು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಟ್ರಿಪೋಲಿಯಿಂದ ಎಲ್ ಅಲಮೇನ್‌ವರೆಗಿನ ಸುಮಾರು 2,000 ಕಿಲೋಮೀಟರ್ ದಾರಿಯನ್ನು ಮರೆತ ಆಟ ಸುಳ್ಳು ಹೇಳುತ್ತದೆ. ಆದರೆ ಆ ದೂರ ಸೇನಾಪತಿಗೆ ತಟ್ಟಿದ್ದು ಆಯ್ಕೆಯಾಗಿ: ಮುನ್ನುಗ್ಗುವುದೇ, ಇಂಧನ ಬರುವವರೆಗೆ ಕಾಯುವುದೇ? ಅದೂ ಬರಬೇಕಾದ ಹಡಗು ಮುಳುಗಿದೆಯೋ ಇಲ್ಲವೋ ತಿಳಿಯದ ಸ್ಥಿತಿಯಲ್ಲಿ. ಆಟದ ಲೆಕ್ಕಪುಸ್ತಕದಲ್ಲಾದರೋ ತನ್ನ ದಾಸ್ತಾನಿನ ಕೊನೆಯ ಹನಿಯೂ ಆಟಗಾರನಿಗೆ ಗೊತ್ತು. ಯುದ್ಧದಲ್ಲಿ ಯಾರಿಗೂ ಇರದಿದ್ದ ಖಚಿತತೆಯನ್ನು ಕೊಟ್ಟು, ಅದನ್ನು ವಾಸ್ತವಿಕತೆಯೆಂದು ಕರೆಯಲಾಗುತ್ತಿದೆ.

ಈ ಪ್ರಕಾರದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1824ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಸ್ ಪ್ರಕಟಿಸಿದ ‘ಕ್ರೀಗ್ಸ್‌ಶ್ಪೀಲ್’ ಆಟದಲ್ಲಿ ನಕಾಶೆಯಿತ್ತು, ದಾಳಗಳಿದ್ದವು, ಕೋಷ್ಟಕಗಳಿದ್ದವು. ಇವೆಲ್ಲಕ್ಕಿಂತ ಮಿಗಿಲಾಗಿ ಇಬ್ಬರ ನಡುವೆ ಒಬ್ಬ ನಿರ್ಣಾಯಕನಿದ್ದ. ಆಟಗಾರರು ಆಜ್ಞೆ ಕೊಡುತ್ತಿದ್ದರು; ಕಾಣಬೇಕಾದದ್ದನ್ನಷ್ಟೇ ಅವನು ಕಾಣಿಸುತ್ತಿದ್ದ. ತೊಡಕೆಲ್ಲ ಅವನ ಹೆಗಲ ಮೇಲೆ, ಅನಿಶ್ಚಯವೆಲ್ಲ ಆಟಗಾರರ ಪಾಲಿಗೆ. 1876ರಲ್ಲಿ ವೆರ್ಡಿ ದು ವೆರ್ನ್ವಾ ದಾಳ, ಕೋಷ್ಟಕಗಳನ್ನೂ ಬದಿಗಿಟ್ಟು ಅನುಭವಿ ನಿರ್ಣಾಯಕನ ವಿವೇಕವೊಂದೇ ಸಾಕೆಂದರು. 1954ರಲ್ಲಿ ಚಾರ್ಲ್ಸ್ ರಾಬರ್ಟ್ಸ್ ‘ಟ್ಯಾಕ್ಟಿಕ್ಸ್’ ಆಟವನ್ನು ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿದ ಮೇಲೆ ಮನೆಯ ಮೇಜಿಗೆ ಕೂತವರು ಇಬ್ಬರು ಗೆಳೆಯರು ಮಾತ್ರ. ನಿರ್ಣಾಯಕನ ಖಾಲಿ ಕುರ್ಚಿಯಲ್ಲಿ ನಿಯಮಪುಸ್ತಕ ಬಂದು ಕೂತಿತು. ಅದರ ದಪ್ಪ ಬಹುಮಟ್ಟಿಗೆ ಅವನ ಗೈರುಹಾಜರಿಗೆ ತೆತ್ತ ಬೆಲೆ, ಯುದ್ಧಸತ್ಯದ ಅಳತೆಗೋಲಲ್ಲ.

ಬೇಸರಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಈ ಪಡೆಯ ಧೈರ್ಯ ನಾಲ್ಕು, ಆ ಪಡೆಯದು ಎರಡು ಎಂದು ಬರೆದಾಗ ಅದು ವಿನ್ಯಾಸಕಾರನ ಅಭಿಪ್ರಾಯ. ನಾಲ್ಕು ಪುಟದ ನಿಯಮದಲ್ಲಿ ಆ ಅಭಿಪ್ರಾಯ ಎದ್ದು ಕಾಣುತ್ತದೆ, ಜಗಳವಾಡಬಹುದು. ನೂರು ಪುಟಗಳ ನಡುವೆ ಹುದುಗಿದಾಗ ಅದಕ್ಕೆ ಅಂಕಿಅಂಶದ ಗಾಂಭೀರ್ಯ ಬಂದುಬಿಡುತ್ತದೆ. ಫಿರಂಗಿಯ ವ್ಯಾಸವನ್ನು ಬಿಡದೆ ನಮೂದಿಸುವ ಎಷ್ಟೋ ಆಟಗಳಲ್ಲಿ, ಕಾಳಗ ನಡೆದ ನೆಲದ ಜನರಿಗೆ ಒಂದು ಬಿಲ್ಲೆಯೂ ಇರುವುದಿಲ್ಲ. ಎಲ್ಲವನ್ನೂ ಎಣಿಸಲಾಗಿದೆಯೆಂಬ ಭ್ರಮೆ ಹುಟ್ಟಿಸಿದ ಮೇಲೆ, ಎಣಿಸದೆ ಬಿಟ್ಟದ್ದನ್ನು ಕೇಳುವವರು ಯಾರು?

ಹಾಗೆಂದು ಸರಳತೆಯ ಪೂಜೆಯೂ ಬೇಡ. 2019ರಲ್ಲಿ ಬಂದ ಬ್ರೂಸ್ ಮ್ಯಾನ್ಸ್‌ಫೀಲ್ಡ್ ಅವರ ‘ಗಾಂಧಿ’ ಸುಲಭದ ಆಟವಲ್ಲ. ಬ್ರಿಟಿಷ್ ರಾಜ್, ಕಾಂಗ್ರೆಸ್, ಮುಸ್ಲಿಂ ಲೀಗ್, ಕ್ರಾಂತಿಕಾರಿಗಳು ಎಂಬ ನಾಲ್ಕು ಪಕ್ಷಗಳಿಗೆ ಅಲ್ಲಿ ಬೇರೆ ಬೇರೆ ದಾರಿ, ಬೇರೆ ಬೇರೆ ಗೆಲುವು. ಅಲ್ಲಿನ ತೊಡಕು ಮನುಷ್ಯರ ಗುರಿಗಳು ಪರಸ್ಪರ ತಗುಲುವಲ್ಲಿ ಹುಟ್ಟಿದ್ದು. ಆ ಚಿತ್ರಣವನ್ನು ನಾವು ಒಪ್ಪದಿರಬಹುದು. ಆದರೆ ಒಪ್ಪದಿರಲು ಅದು ಎಡೆ ಕೊಡುತ್ತದೆ.

ನಮಗೆ ಇದು ಹೊಸ ಪಾಠವೇನಲ್ಲ. ಒಂದು ಅಕ್ಷೌಹಿಣಿಗೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು ಎಂದು ಮಹಾಭಾರತದ ಪರಂಪರೆ ಲೆಕ್ಕ ಕೊಟ್ಟಿದೆ. ಕುರುಕ್ಷೇತ್ರದಲ್ಲಿ ಸೇರಿದ್ದು ಅಂಥ ಹದಿನೆಂಟು. ಆ ಗುಣಾಕಾರದಿಂದ ಯುದ್ಧವನ್ನು ಅರಿತವರು ಯಾರೂ ಇಲ್ಲ. ಬಿಲ್ಲು ಕೆಳಗಿಟ್ಟ ಅರ್ಜುನನಿಂದ ಅರಿತವರು ಅಸಂಖ್ಯ. ಯುದ್ಧದಾಟದ ಪ್ರತಿ ನಿಯಮಕ್ಕೂ ಈ ಪ್ರಶ್ನೆ ಹಾಕೋಣ: ಇದು ಆಟಗಾರನೆದುರು ನಿರ್ಧಾರವೊಂದನ್ನು ಇಡುತ್ತದೆಯೇ, ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಸಾಲನ್ನಷ್ಟೇ ಬರೆಸುತ್ತದೆಯೇ? ಎರಡನೆಯದಾದರೆ, ಅದು ಎಷ್ಟೇ ನಿಖರವಾಗಿದ್ದರೂ ಹೊಡೆದುಹಾಕಬೇಕು.