ಗೂಗಲ್ ಸಂದರ್ಶನದಲ್ಲಿ ಗಾಲ್ಫ್ ಚೆಂಡಿನ ಲೆಕ್ಕ ಕೇಳ್ತಾರಾ?

“ಒಂದು ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತವೆ? ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿದೆ? ಉತ್ತರ ಗೊತ್ತಿದ್ದರೆ ಗೂಗಲ್‌ನಲ್ಲಿ ಕೋಟಿ ರೂಪಾಯಿ ಸಂಬಳ!” ಈ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಕೆಳಗೆ ಯಾರೋ ಒಬ್ಬರು ಇಂಜಿನಿಯರಿಂಗ್ ಓದುತ್ತಿರುವ ಮಗನನ್ನು ಟ್ಯಾಗ್ ಮಾಡಿರುತ್ತಾರೆ.

ಇದು ಪೂರ್ತಿ ಸುಳ್ಳಲ್ಲ, ಹಳಸಿದ ಸುದ್ದಿ. ಮ್ಯಾನ್‌ಹೋಲ್ ಪ್ರಶ್ನೆ ಗೂಗಲ್‌ಗಿಂತ ಮೊದಲೇ ಮೈಕ್ರೋಸಾಫ್ಟ್ ಹೆಸರಿನಲ್ಲಿ ಪ್ರಸಿದ್ಧವಾಗಿತ್ತು. ಗೂಗಲ್ ಕೂಡ ಒಂದು ಕಾಲದಲ್ಲಿ ಇಂಥ ಒಗಟುಗಳನ್ನು ಕೇಳುತ್ತಿತ್ತು. ಆದರೆ 2013ರಲ್ಲಿ ಆಗಿನ ನೇಮಕಾತಿ ಮುಖ್ಯಸ್ಥ ಲಾಸ್ಲೋ ಬಾಕ್ ಅವರೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಇವುಗಳಿಂದ ಸಮಯ ದಂಡ ಎಂದು ಹೇಳಿದ್ದರು. ಒಗಟು ಬಿಡಿಸಿದವರು ಮುಂದೆ ಒಳ್ಳೆಯ ಕೆಲಸಗಾರರಾಗುತ್ತಾರೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಕೇಳುವವರಿಗೆ ತಾವು ಬುದ್ಧಿವಂತರು ಅನ್ನಿಸುತ್ತದೆ, ಅಷ್ಟೇ.

ಹಾಗಾದರೆ ಇಂಜಿನಿಯರ್ ಹುದ್ದೆಗೆ ಏನು ಕೇಳುತ್ತಾರೆ? ಅಭ್ಯಾಸಕ್ಕೆ ಎಲ್ಲರೂ ಮೊದಲು ಮಾಡುವ ಒಂದು ಲೆಕ್ಕ ನೋಡೋಣ. ಒಂದು ಲಕ್ಷ ಸಂಖ್ಯೆಗಳ ಪಟ್ಟಿ ಇದೆ. ಕೂಡಿದರೆ 100 ಬರುವ ಎರಡು ಸಂಖ್ಯೆ ಹುಡುಕಬೇಕು. ಪ್ರತಿಯೊಂದನ್ನೂ ಉಳಿದ ಎಲ್ಲದರ ಜೊತೆ ಕೂಡಿ ನೋಡಿದರೆ ಸುಮಾರು 500 ಕೋಟಿ ಜೋಡಿಗಳಾಗುತ್ತವೆ. ಅದರ ಬದಲು ನೋಡಿದ ಸಂಖ್ಯೆಗಳನ್ನು ಥಟ್ಟನೆ ಸಿಗುವ ಹಾಗೆ ಗುರುತು ಹಾಕಿಕೊಳ್ಳುತ್ತಾ ಹೋಗಿ. 37 ಬಂದಾಗ “63 ಆಗಲೇ ಬಂದಿತ್ತಾ?” ಎಂದಷ್ಟೇ ನೋಡಿದರೆ ಸಾಕು. ಪಟ್ಟಿಯನ್ನು ಒಂದೇ ಸಲ ಓದಿದರೆ ಕೆಲಸ ಮುಗಿಯಿತು. ಮೊದಲ ದಾರಿಯಿಂದ ಎರಡನೆಯದಕ್ಕೆ ಹೇಗೆ ಬಂದಿರಿ ಎಂಬುದೇ ಸಂದರ್ಶಕರಿಗೆ ಮುಖ್ಯ. ಅದಕ್ಕೇ ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳಿ ಅನ್ನುತ್ತಾರೆ.

ತೊಡಕು ಇರುವುದೂ ಇಲ್ಲೇ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು 2020ರಲ್ಲಿ 48 ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಕೆಲವರು ಸಂದರ್ಶಕರ ಎದುರು ಮಾತಾಡುತ್ತಾ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದರು. ಉಳಿದವರು ಅದೇ ಲೆಕ್ಕವನ್ನು ಕೋಣೆಯಲ್ಲಿ ಒಬ್ಬರೇ ಕೂತು ಬಿಡಿಸಿದರು. ಎದುರಿಗೆ ಒಬ್ಬರು ನೋಡುತ್ತಾ ಕೂತಾಗ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. 48 ಜನರಿಂದ ಕೊನೆಯ ತೀರ್ಮಾನಕ್ಕೆ ಬರಲಾಗದು, ನಿಜ. ಆದರೂ ಇಂಥ ಸಂದರ್ಶನ ಬುದ್ಧಿಯ ಜೊತೆ ಅಳುಕನ್ನೂ ಅಳೆಯುತ್ತದೆ ಎಂಬ ಅನುಮಾನಕ್ಕೆ ಇದು ಗಟ್ಟಿ ಕಾರಣ.

ಈ ಅಧ್ಯಯನ ಭಾಷೆಯ ವಿಷಯಕ್ಕೆ ಕೈ ಹಾಕಿಲ್ಲ. ಆದರೆ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬೆಂಗಳೂರಿನ ಕಂಪನಿಯೊಂದರ ವಿಡಿಯೊ ಕರೆಯಲ್ಲಿ ಯೋಚನೆಯನ್ನೂ ಇಂಗ್ಲಿಷಿನಲ್ಲೇ ಜೋರಾಗಿ ಹೇಳಬೇಕಾದವರ ಪಾಡು ಊಹಿಸುವುದು ಕಷ್ಟವಲ್ಲ. ಅಂಥವರು ನೂರು ಲೆಕ್ಕಗಳನ್ನು ಮನಸ್ಸಿನಲ್ಲೇ ಬಿಡಿಸುವುದಕ್ಕಿಂತ, ಇಪ್ಪತ್ತನ್ನು ಗೆಳೆಯರೊಬ್ಬರನ್ನು ಎದುರು ಕೂರಿಸಿಕೊಂಡು ಮಾತಾಡುತ್ತಾ ಬಿಡಿಸುವುದು ಮೇಲು ಎನ್ನುವುದು ನಮ್ಮ ಅಭಿಪ್ರಾಯ. ಒಮ್ಮೆ ಆಯ್ಕೆಯಾಗದಿದ್ದರೆ ಬಾಗಿಲು ಮುಚ್ಚುವುದಿಲ್ಲ, ಸ್ವಲ್ಪ ಕಾಲ ಬಿಟ್ಟು ಮತ್ತೆ ಅರ್ಜಿ ಹಾಕಬಹುದು. ಮ್ಯಾಕ್ ಕಂಪ್ಯೂಟರ್ ಬಳಸುವ ಪ್ರೋಗ್ರಾಮರ್‌ಗಳಿಗೆಲ್ಲ ಪರಿಚಿತವಾದ ‘ಹೋಮ್‌ಬ್ರೂ’ ತಂತ್ರಾಂಶ ಬರೆದ ಮ್ಯಾಕ್ಸ್ ಹೋವೆಲ್ ಅವರನ್ನೂ ಗೂಗಲ್ ಆಯ್ಕೆ ಮಾಡಿರಲಿಲ್ಲ. 2015ರಲ್ಲಿ ಅವರೇ ಸಿಟ್ಟಿನಿಂದ ಟ್ವೀಟ್ ಮಾಡಿದ್ದರು.

ಈಗ ಇನ್ನೊಂದು ಬಗೆಯ ಫಾರ್ವರ್ಡ್: “ಒಳಗಿನವರು ಗೊತ್ತು, ಇಷ್ಟು ಲಕ್ಷ ಕಟ್ಟಿದರೆ ಆಫರ್ ಲೆಟರ್ ಗ್ಯಾರಂಟಿ.” ಗೂಗಲ್‌ನಲ್ಲಿ ಸಂದರ್ಶನ ಮಾಡಿದವರೇ ಕೆಲಸ ಕೊಡುವ ಪದ್ಧತಿ ಇಲ್ಲ. ಸಾಮಾನ್ಯವಾಗಿ ನಾಲ್ಕರಷ್ಟು ಸಂದರ್ಶನಗಳಿರುತ್ತವೆ. ಅದಕ್ಕಿಂತ ಹೆಚ್ಚು ಮಾಡಿದರೂ ಹೊಸದೇನೂ ತಿಳಿಯುವುದಿಲ್ಲ ಎಂದು ಕಂಪನಿಯ ಸ್ವಂತ ಲೆಕ್ಕಾಚಾರವೇ ಹೇಳಿತ್ತು. ಸಂದರ್ಶಕರು ತಮ್ಮ ಅಭಿಪ್ರಾಯ ಬರೆದು ಕೊಡುತ್ತಾರೆ. ಅದನ್ನು ಓದುವುದು ಅಭ್ಯರ್ಥಿಯ ಮುಖವನ್ನೇ ನೋಡದ ಬೇರೊಂದು ಸಮಿತಿ. ಹೀಗಿರುವಾಗ ಒಬ್ಬ ‘ಒಳಗಿನವನು’ ಯಾರಿಗೆ ಗ್ಯಾರಂಟಿ ಕೊಟ್ಟಾನು? ನೇಮಕಾತಿಯ ಯಾವ ಹಂತದಲ್ಲೂ ಗೂಗಲ್ ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ಠೇವಣಿ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಖರ್ಚು ಎಂದು ಯಾರಾದರೂ ಕೇಳಿದರೆ ಅದು ಮೋಸ. ಹಣ ಆಗಲೇ ಹೋಗಿದ್ದರೆ ತಡಮಾಡದೆ 1930 ಸೈಬರ್ ಸಹಾಯವಾಣಿಗೆ ಕರೆ ಮಾಡಿ.